ಜೋಡಿಚಿತ್ರಗಳಲ್ಲಿ ಉಳಿದ ಊರು

ನಮ್ಮ ಎರಡು ಕಣ್ಣುಗಳು ಒಂದೇ ದೃಶ್ಯವನ್ನು ತುಸು ಬೇರೆ ಬೇರೆ ಕೋನಗಳಿಂದ ಕಾಣುತ್ತವೆ. ಆಳದ ಅರಿವು ಹುಟ್ಟುವುದು ಈ ವ್ಯತ್ಯಾಸದಿಂದಲೇ ಎಂದು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ತೋರಿಸಿಕೊಟ್ಟರು. ಅಂತೆಯೇ ತೆಗೆದ ಜೋಡಿಚಿತ್ರಗಳನ್ನು ಮಸೂರದ ಪೆಟ್ಟಿಗೆಯಲ್ಲಿಟ್ಟು ನೋಡುವ ಸ್ಟೀರಿಯೋಸ್ಕೋಪ್, 1851ರ ಲಂಡನ್ ಮಹಾಪ್ರದರ್ಶನದ ನಂತರ ಮನೆಮಾತಾಯಿತು.

ಅದು ಬಂದರು ನಗರ ಮದ್ರಾಸಿನ ಮೂಲಕ ನಮ್ಮ ನೆರೆಗೂ ಬಂತು. 1854ರಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದಿದ್ದ ಕ್ಯಾಪ್ಟನ್ ಲಿನೇಯಸ್ ಟ್ರೈಪ್ ಅವರನ್ನು ಮದ್ರಾಸ್ ಸರ್ಕಾರ 1856ರಲ್ಲಿ ಅಧಿಕೃತ ಛಾಯಾಗ್ರಾಹಕರನ್ನಾಗಿ ನೇಮಿಸಿತು. ಮಧುರೆ, ತಿರುಚಿರಾಪಳ್ಳಿ, ತಂಜಾವೂರುಗಳ ಜೋಡಿಚಿತ್ರಗಳ ಸಂಪುಟಗಳು 1858ರಲ್ಲಿ ಹೊರಬಂದವು. ಅದೇ ಪ್ರವಾಸದಲ್ಲಿ ಅವರು ತಿರುಚಿರಾಪಳ್ಳಿಯ ಮಗ್ಗುಲಿನ ಶ್ರೀರಂಗವನ್ನೂ ದೊಡ್ಡ ಅಳತೆಯ ಚಿತ್ರಗಳಲ್ಲಿ ದಾಖಲಿಸಿದರು. ಆದರೆ 1859ರಲ್ಲಿ ಗವರ್ನರ್ ಆಗಿ ಬಂದ ಚಾರ್ಲ್ಸ್ ಟ್ರೆವೆಲ್ಯನ್ ಈ ಕೆಲಸವನ್ನು ದುಬಾರಿಯೆಂದು ನಿಲ್ಲಿಸಿಬಿಟ್ಟರು.

ಮಿತವ್ಯಯದ ಸುತ್ತೋಲೆಗಳ ನಡುವೆಯೇ ಸೇವಾವಧಿ ಕಳೆದ ನನಗೆ ಆ ತೀರ್ಮಾನದ ತರ್ಕ ಅಪರಿಚಿತವಲ್ಲ. ಛಾಯಾಚಿತ್ರದ ವೆಚ್ಚ ಈ ವರ್ಷದ ಲೆಕ್ಕದಲ್ಲೇ ಕಾಣುತ್ತದೆ. ಅದರ ಲಾಭ ಇನ್ನೂ ಹುಟ್ಟದ ಪೀಳಿಗೆಗೆ ಸಲ್ಲುತ್ತದೆ. ಅಂಥ ಲಾಭಕ್ಕೆ ಆಯವ್ಯಯದಲ್ಲಿ ಶೀರ್ಷಿಕೆಯೇ ಇರುವುದಿಲ್ಲ.

ಅದರ ಬೆಲೆ ಮೈಸೂರಿಗೆ ತಿಳಿಯದ್ದೇನಲ್ಲ. 1897ರಲ್ಲಿ ಸುಟ್ಟುಹೋದ ಮರದ ಅರಮನೆಯನ್ನು ಇಂದು ಹಳೆಯ ಚಿತ್ರಗಳಲ್ಲಷ್ಟೇ ಕಾಣಬಹುದು. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು; 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಉರುಳಿತು. ಕೆಡವಬೇಕೋ ಉಳಿಸಬೇಕೋ ಎಂಬ ವಾದದಲ್ಲೇ ವರ್ಷಗಳು ಕಳೆದವು.

ಈ ವಾದಕ್ಕೆ ಜೋಡಿಚಿತ್ರದ ತತ್ತ್ವವೇ ನೆರವಾಗಬಲ್ಲದು. ಬೇರೆ ಬೇರೆ ಕೋನಗಳ ಚಿತ್ರಗಳನ್ನು ಹೋಲಿಸಿ ಗಣಕಯಂತ್ರ ಇಂದು ಕಟ್ಟಡದ ಆಕಾರವನ್ನು ಮರುರೂಪಿಸುತ್ತದೆ. ಒಂದು ಬಾಗಿಲಿನ ಎತ್ತರ ಗೊತ್ತಿದ್ದರೂ ಸಾಕು, ಉಳಿದ ಕಮಾನು, ಕಂಬಗಳ ಅಳತೆಯನ್ನು ಲೆಕ್ಕಹಾಕಬಹುದು. ಹಾಗೆಂದು ಚಿತ್ರ ಕಟ್ಟಡಕ್ಕೆ ಬದಲಿಯಲ್ಲ. ಕೆಡವಲು ನೆಪವೂ ಆಗಬಾರದು. ದುರಸ್ತಿಗೆ ಅದು ಆಧಾರ.

ಆದ್ದರಿಂದ ನಗರಾಡಳಿತ ಮತ್ತು ಪತ್ರಾಗಾರ ಇಲಾಖೆ ಎರಡು ಕೆಲಸ ಮಾಡಲಿ. ಪಾರಂಪರಿಕ ಕಟ್ಟಡಗಳನ್ನು ಎಲ್ಲ ಕೋನಗಳಿಂದ ಈಗಲೇ ಚಿತ್ರಿಸಿಡಲಿ. ಹಳೆಯ ಮನೆಗಳ ಟ್ರಂಕುಗಳಲ್ಲಿರುವ ಚಿತ್ರಗಳ ಪ್ರತಿ ತೆಗೆದುಕೊಂಡು ಮೂಲವನ್ನು ಮಾಲೀಕರಿಗೇ ಹಿಂತಿರುಗಿಸಲಿ. ತಗಲುವ ವೆಚ್ಚ ಅಲ್ಪ. ಇನ್ನೊಂದು ಗೋಡೆ ಬಿದ್ದ ಮೇಲೆ ಎಷ್ಟು ಹಣ ಸುರಿದರೂ ಅದರ ಚಿತ್ರ ತೆಗೆಯಲಾಗದು.