ಬಾರದವರ ಪಟ್ಟಿ

ನಮ್ಮ ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಬಳಿ ವರ್ಷಕ್ಕೆ ಒಂದೆರಡು ಸಲವಾದರೂ ಈ ಬ್ಯಾನರು ಕಾಣುತ್ತದೆ: ‘ಉಚಿತ ನೇತ್ರ ತಪಾಸಣೆ ಮತ್ತು ಕಣ್ಣಿನ ಪೊರೆ ಶಸ್ತ್ರಚಿಕಿತ್ಸಾ ಶಿಬಿರ’. ಅದರಲ್ಲಿ ಲಯನ್ಸ್ ಕ್ಲಬ್ಬಿನದೋ ರೋಟರಿಯದೋ ಲಾಂಛನ, ಒಂದು ಕಣ್ಣಾಸ್ಪತ್ರೆಯ ಹೆಸರು, ಜಿಲ್ಲಾ ಅಂಧತ್ವ ನಿಯಂತ್ರಣ ವಿಭಾಗದ ಸಹಯೋಗ, ದಿನಾಂಕ, ಸ್ಥಳ ಇರುತ್ತವೆ. ಹಿಂದಿನ ದಿನ ಆಟೋಗೆ ಮೈಕು ಕಟ್ಟಿ ಸುತ್ತಲ ಹಳ್ಳಿಗಳಲ್ಲಿ ಕೂಗಿಸುತ್ತಾರೆ. ಬೆಳಿಗ್ಗೆ ಶಾಲೆಯ ಜಗಲಿ ತುಂಬ ಜನ. ನೋಡಿದವರಿಗೆ ಕಣ್ಣು ಮಂಜಾದವರೆಲ್ಲ ಬಂದುಬಿಟ್ಟಿದ್ದಾರೆ ಅನ್ನಿಸುತ್ತದೆ.

ಆದರೆ ಬಂದಿರುವುದಿಲ್ಲ. ತಮಿಳುನಾಡಿನ ಹಳ್ಳಿಗಳಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಲೆಕ್ಕ ಹಾಕಿ ತೋರಿಸಿತು. ಕಣ್ಣಿನ ತೊಂದರೆ ಇದ್ದವರಲ್ಲಿ ಶಿಬಿರಕ್ಕೆ ಬಂದವರು ನೂರಕ್ಕೆ ಸುಮಾರು 7 ಜನ ಮಾತ್ರ. ಪರೀಕ್ಷೆ ಉಚಿತ, ಜಾಗ ಹತ್ತಿರದಲ್ಲೇ ಇದೆ, ಪ್ರಚಾರವೂ ಆಗಿದೆ, ಆದರೂ ಬರಲಿಲ್ಲ. ಆಪರೇಷನ್ ಮಾಡಿಸಿದರೆ ಇರುವ ಕಣ್ಣೂ ಹೋದೀತೆಂಬ ಭಯ, ಮನೆ ಬಿಟ್ಟು ಬರಲಾಗದ ಕಷ್ಟ, ಖರ್ಚಿನ ಚಿಂತೆ ಅವರನ್ನು ತಡೆದಿದ್ದವು. ಸೇವಾ ಕ್ಲಬ್ಬು ಸೇರಬಯಸುವವರು ಮೊದಲು ತಿಳಿಯಬೇಕಾದ ಅಂಕಿ ಇದೇ ಎಂದು ನಾನು ನಂಬಿದ್ದೇನೆ. ಬಂದ 7 ಜನರನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಬಾರದ 93 ಜನರ ಮನೆ ಬಾಗಿಲು ಗೊತ್ತಿರುವುದು ಊರಿನವರಿಗೆ.

ಈ ಕ್ಲಬ್ಬುಗಳು ಹುಟ್ಟಿದ್ದು ಹೀಗೆ ಬಾಗಿಲು ತಟ್ಟುವುದಕ್ಕಲ್ಲ. 1905ರ ಫೆಬ್ರುವರಿ 23ರಂದು ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಪರಿಚಿತರೊಂದಿಗೆ ಕೂತು ಆರಂಭಿಸಿದ್ದು, ದೊಡ್ಡ ನಗರದಲ್ಲಿ ಒಂಟಿಯಾಗಿದ್ದ ವ್ಯಾಪಾರಿಗಳ, ವೃತ್ತಿನಿರತರ ಸ್ನೇಹಕೂಟವನ್ನು. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸೇರುತ್ತಿದ್ದರು. ರೋಟರಿ ಎಂಬ ಹೆಸರು ಬಂದದ್ದು ಅದರಿಂದ. ಸೇವೆ ಆಮೇಲೆ ಜೊತೆಗೂಡಿತು. ಅದೇ ಊರಿನ ವಿಮಾ ವ್ಯಾಪಾರಿ ಮೆಲ್ವಿನ್ ಜೋನ್ಸ್ ಅವರ ಮುಂದಾಳ್ತನದಲ್ಲಿ 1917ರಲ್ಲಿ ಲಯನ್ಸ್ ಸಂಘಟನೆ ರೂಪುಗೊಂಡಿತು. ಭಾರತದ ಮೊದಲ ರೋಟರಿ ಕ್ಲಬ್ಬು 1919ರಲ್ಲಿ ಕೋಲ್ಕತ್ತದಲ್ಲಿ, ಮೊದಲ ಲಯನ್ಸ್ ಕ್ಲಬ್ಬು 1956ರಲ್ಲಿ ಮುಂಬೈಯಲ್ಲಿ ಶುರುವಾದವು.

ಲಯನ್ಸ್‌ಗೂ ಕಣ್ಣಿಗೂ ನಂಟು ಬೆಸೆದವರು ಹೆಲೆನ್ ಕೆಲರ್. ಮಗುವಾಗಿದ್ದಾಗಲೇ ಕಾಯಿಲೆಯಿಂದ ದೃಷ್ಟಿ, ಶ್ರವಣ ಎರಡನ್ನೂ ಕಳೆದುಕೊಂಡಿದ್ದ ಅವರು 1925ರ ಜೂನ್ 30ರಂದು ಅಮೆರಿಕದ ಓಹಾಯೋ ರಾಜ್ಯದ ಸೀಡರ್ ಪಾಯಿಂಟ್‌ನಲ್ಲಿ ನಡೆದ ಲಯನ್ಸ್ ಸಮಾವೇಶಕ್ಕೆ ಬಂದು, ಅಂಧರ ಪರವಾಗಿ ನಿಲ್ಲಿ, ತಡೆಯಬಹುದಾದ ಕುರುಡನ್ನು ತಡೆಯಿರಿ ಎಂದು ಕೇಳಿಕೊಂಡರು. ಸಂಘಟನೆ ಆ ಕೆಲಸವನ್ನು ತನ್ನದಾಗಿಸಿಕೊಂಡಿತು. ನಮ್ಮ ಸಣ್ಣ ಊರುಗಳಲ್ಲಿ ಕೂಡ ಲಯನ್ಸ್ ಎಂದರೆ ಕಣ್ಣಿನ ಶಿಬಿರ ಎಂದು ಜನ ತಿಳಿಯುವುದಕ್ಕೆ ಬೇರು ಅಲ್ಲಿದೆ.

ಕನ್ನಡನಾಡಿನಲ್ಲಿ ಕಣ್ಣಿನ ಶಿಬಿರ ಎಂದೊಡನೆ ಹಿರಿಯರ ಬಾಯಲ್ಲಿ ಬರುವ ಹೆಸರು ಡಾ. ಎಂ. ಸಿ. ಮೋದಿ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಈ ವೈದ್ಯರು ರೋಗಿಗಳು ಆಸ್ಪತ್ರೆಗೆ ಬರಲೆಂದು ಕಾಯದೆ ತಾವೇ ಊರೂರಿಗೆ ಹೋದರು. ಲಕ್ಷಗಟ್ಟಲೆ ಜನರಿಗೆ ಉಚಿತವಾಗಿ ಶಸ್ತ್ರಚಿಕಿತ್ಸೆ ಮಾಡಿದರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಆ ಕಾಲದ ಸಾಮೂಹಿಕ ಶಿಬಿರಗಳಲ್ಲಿ ಶಾಲೆ, ಛತ್ರಗಳೇ ಆಸ್ಪತ್ರೆಯಾಗುತ್ತಿದ್ದವು. ಪೊರೆಗಟ್ಟಿದ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು. ರೋಗಿ ಕೆಲವು ದಿನ ಅಲ್ಲೇ ಅಲುಗಾಡದೆ ಮಲಗಬೇಕು. ಆಮೇಲೆ ಬದುಕಿರುವಷ್ಟು ಕಾಲ ದಪ್ಪ ಗಾಜಿನ ಕನ್ನಡಕ. ಮಲಗಿದವರಿಗೆ ಊಟ ಉಣಿಸುವುದು, ಕೈಹಿಡಿದು ಶೌಚಕ್ಕೆ ಕರೆದೊಯ್ಯುವುದು, ರಾತ್ರಿ ಕಣ್ಣಿನ ಪಟ್ಟಿಗೆ ಕೈ ಹಾಕದಂತೆ ಕಾಯುವುದು ಇವೆಲ್ಲ ಊರಿನ ಸ್ವಯಂಸೇವಕರ ಪಾಲಿಗೆ.

ಈಗ ಶಾಲೆಯ ಕೋಣೆಯಲ್ಲಿ ಕಣ್ಣು ಕೊಯ್ಯುವಂತಿಲ್ಲ. ಸೋಂಕಿನ ಅಪಾಯ ದೊಡ್ಡದು. ಶಿಬಿರದಲ್ಲಿ ತಪಾಸಣೆ ಮಾತ್ರ ಮಾಡಿ, ಆಯ್ಕೆಯಾದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಪೊರೆ ತೆಗೆದ ಜಾಗದಲ್ಲಿ ಕೃತಕ ಮಸೂರ ಕೂರಿಸುತ್ತಾರೆ. ಕೊಯ್ತ ಚಿಕ್ಕದು, ಮರುದಿನವೇ ಪಟ್ಟಿ ಬಿಚ್ಚುತ್ತಾರೆ. ವೈದ್ಯಕೀಯವಾಗಿ ಇದು ದೊಡ್ಡ ಮುನ್ನಡೆ. ದೇಶದಲ್ಲಿ ಅಂಧತ್ವದ ಪ್ರಮಾಣವೂ ಇಳಿದಿದೆ: 2015ರಿಂದ 2019ರವರೆಗಿನ ರಾಷ್ಟ್ರೀಯ ಸಮೀಕ್ಷೆ ಅದನ್ನು ಶೇ. 0.36 ಎಂದು ಅಂದಾಜಿಸಿತು. ಆದರೆ ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನ್ನನ್ನು ಬಿಡದೆ ಕಾಡುತ್ತದೆ. 50 ದಾಟಿದವರ ಕುರುಡಿಗೆ ಕಾರಣಗಳಲ್ಲಿ ಚಿಕಿತ್ಸೆ ಆಗದ ಪೊರೆಯ ಪಾಲು ಶೇ. 66.2. ಕಾಲು ಗಂಟೆಯಲ್ಲಿ ಮುಗಿಯಬಹುದಾದ, ದುಡ್ಡಿಲ್ಲದೆಯೂ ಸಿಗುವ ಶಸ್ತ್ರಚಿಕಿತ್ಸೆಯೊಂದು ತಲುಪದೆ ಇಷ್ಟು ಮಂದಿ ಕತ್ತಲಲ್ಲಿದ್ದಾರೆ.

ತಲುಪುವುದು ಹೇಗೆ ಎಂಬುದಕ್ಕೆ ನಮ್ಮ ಕಣ್ಣೆದುರೇ ಒಂದು ಪಾಠ ನಡೆದುಹೋಗಿದೆ. ರೋಟರಿ 1985ರಲ್ಲಿ ಪೋಲಿಯೊ ನಿರ್ಮೂಲನೆಯನ್ನು ಜಗತ್ತಿನಾದ್ಯಂತ ಕೈಗೆತ್ತಿಕೊಂಡಿತು. ಭಾರತದಲ್ಲಿ 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಭಾನುವಾರ ಬೂತಿಗೆ ಬಂದ ಮಕ್ಕಳಿಗೆ ಹನಿ ಹಾಕಿ ಕಿರುಬೆರಳಿಗೆ ಶಾಯಿ ಹಚ್ಚಿದರೆ ಸಾಕೆಂದು ಮೊದಲಿಗೆ ತಿಳಿದಿದ್ದರು. ಸಾಕಾಗಲಿಲ್ಲ. 1999ರ ಹೊತ್ತಿಗೆ ಮುಂದಿನ ದಿನಗಳಲ್ಲಿ ಮನೆ ಮನೆಗೆ ಹೋಗುವ ಕ್ರಮ ಬಂತು. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ‘ಪಿ’ ಎಂದು ಬರೆದರು. ಮಗು ಊರಲ್ಲಿಲ್ಲದ, ಬಾಗಿಲು ಹಾಕಿದ, ಬೇಡವೆಂದ ಮನೆಗೆ ‘ಎಕ್ಸ್’. ಎಕ್ಸ್ ಬಿದ್ದ ಮನೆಗೆ ಮತ್ತೆ ಹೋಗಬೇಕು, ಅದು ಪಿ ಆಗುವವರೆಗೂ ಹೋಗಬೇಕು. ಆಶಾ, ಅಂಗನವಾಡಿ ಕಾರ್ಯಕರ್ತೆಯರೊಂದಿಗೆ ಕ್ಲಬ್ಬಿನ ಸದಸ್ಯರೂ ಓಣಿ ಓಣಿ ತಿರುಗಿದರು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ನಾವು ಪೋಲಿಯೊಮುಕ್ತರೆಂಬ ಮಾನ್ಯತೆ ಬಂತು. ಲಸಿಕೆಯಷ್ಟೇ ಗೌರವ ಆ ಎಕ್ಸ್ ಗುರುತಿಗೂ ಸಲ್ಲಬೇಕು.

ಕಣ್ಣಿನ ಶಿಬಿರಕ್ಕೂ ಇದೇ ದಾರಿ. ಶಿಬಿರಕ್ಕೆ ಎರಡು ಮೂರು ವಾರ ಮುಂಚೆ ಸ್ವಯಂಸೇವಕರ ಕೆಲಸ ಆರಂಭವಾಗಬೇಕು. ಒಬ್ಬೊಬ್ಬರು ಎರಡೆರಡು ಹಳ್ಳಿ ಹಂಚಿಕೊಂಡು ಆಶಾ ಕಾರ್ಯಕರ್ತೆಯ ಜೊತೆ ಬೀದಿ ಸುತ್ತಿದರೆ ಪಟ್ಟಿ ತಾನಾಗಿ ಬೆಳೆಯುತ್ತದೆ. ಯಾರಿಗೆ ಕಣ್ಣು ಕಾಣದು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಅಕ್ಕಿ ಆರಿಸುವುದನ್ನು ಬಿಟ್ಟವರು ಯಾರು, ಸಂಜೆಯಾದ ಮೇಲೆ ಹೊಸ್ತಿಲು ದಾಟದವರು ಯಾರು, ದುಡ್ಡಿನ ನೋಟನ್ನು ಕಣ್ಣಿನ ಹತ್ತಿರ ಹಿಡಿದು ನೋಡುವವರು ಯಾರು ಎಂದು ಕೇಳಿ. ಸೊಸೆಯೋ ಮೊಮ್ಮಗನೋ ಕೂಡಲೇ ಹೇಳುತ್ತಾರೆ.

ಜಗಲಿಯ ಮೇಲೆ ಕೂತ ಅಜ್ಜಿಯ ಜೊತೆ ನಡೆಯುವ ಮಾತು ಬಹುತೇಕ ಎಲ್ಲ ಊರಲ್ಲೂ ಒಂದೇ.

‘ನಂಗ್ಯಾಕಪ್ಪಾ ಈಗ ಆಪರೇಷನ್ನು? ಇನ್ನೆಷ್ಟು ದಿನ ಇರ್ತೀನಿ?’

‘ಇರೋಷ್ಟು ದಿನ ಕಾಣ್ಲಿ ಅಂತ ಅಜ್ಜಿ. ಪೊರೆ ಬಂದು ಎಷ್ಟು ದಿನ ಆಯ್ತು?’

‘ಪೊರೆ ಇನ್ನೂ ಬಲಿತಿಲ್ಲ ಕಣಪ್ಪಾ. ಬಲೀಲಿ ಬಿಡು.’

ಈ ಬಲಿಯುವ ಮಾತನ್ನು ತಾಳ್ಮೆಯಿಂದ ಬಿಡಿಸಿ ಹೇಳಬೇಕು. ಹಿಂದೆ ಮಸೂರವನ್ನು ಇಡಿಯಾಗಿ ತೆಗೆಯುವ ಕಾಲದಲ್ಲಿ ವೈದ್ಯರೇ ಕಾಯಲು ಹೇಳುತ್ತಿದ್ದರು. ಈಗ ಕಾಯಬೇಕಿಲ್ಲ, ತೀರ ಬಲಿತು ಗಟ್ಟಿಯಾದ ಪೊರೆ ತೆಗೆಯುವುದೇ ಹೆಚ್ಚು ಕಷ್ಟ, ಕೆಲವೊಮ್ಮೆ ಅದರಿಂದ ಕಣ್ಣಿನ ಒತ್ತಡ ಏರಿ ನೋವು ಬರುವುದೂ ಉಂಟು. ಬೇಸಿಗೆಯಲ್ಲಿ ಆಪರೇಷನ್ ಆಗಬಾರದೆಂಬ ನಂಬಿಕೆಗೂ ಈಗ ಆಧಾರವಿಲ್ಲ. ಇಷ್ಟನ್ನು ವಿವರಿಸಿದ ಮೇಲೂ ಅಜ್ಜಿ ಒಪ್ಪಲಿಕ್ಕಿಲ್ಲ. ಆಗ ಅದೇ ಊರಿನಲ್ಲಿ ಹೋದ ವರ್ಷ ಮಾಡಿಸಿಕೊಂಡು ಬಂದ ಇನ್ನೊಬ್ಬ ಅಜ್ಜಿಯನ್ನು ಪಕ್ಕದಲ್ಲಿ ತಂದು ಕೂರಿಸಿ. ನಿಮ್ಮ ಹತ್ತು ಮಾತಿಗಿಂತ ಆಕೆ ಎದ್ದು ಸೂಜಿಗೆ ದಾರ ಪೋಣಿಸಿ ತೋರಿಸುವುದು ಹೆಚ್ಚು ಕೆಲಸ ಮಾಡುತ್ತದೆ.

ಮನೆಯ ಹೆಂಗಸರನ್ನು ತಲುಪುವುದು ಇನ್ನೂ ಕಷ್ಟ. ಗಂಡಸಿಗೆ ಕಣ್ಣು ಮಂಜಾದರೆ ಹೊಲದ ಕೆಲಸ ನಿಲ್ಲುತ್ತದೆ, ಮನೆಯವರು ಓಡಾಡುತ್ತಾರೆ. ಹೆಂಗಸು ಒಲೆ ಮುಂದೆ ತಡವರಿಸಿಕೊಂಡೇ ವರ್ಷಗಟ್ಟಲೆ ದೂಡುತ್ತಾಳೆ. ಕರೆದುಕೊಂಡು ಹೋಗಲು ಯಾರಿಗೂ ಬಿಡುವಿರುವುದಿಲ್ಲ. ಅಡುಗೆಮನೆಯವರೆಗೂ ಹೋಗಿ ಕೂತು ಮಾತಾಡಬಲ್ಲ ಮಹಿಳಾ ಸ್ವಯಂಸೇವಕರಿಲ್ಲದೆ ಈ ಕೆಲಸ ಅರ್ಧವೂ ಆಗದು. ಲಯನ್ಸ್ ಮಹಿಳೆಯರಿಗೆ ಸದಸ್ಯತ್ವ ತೆರೆದದ್ದು 1987ರಲ್ಲಿ, ರೋಟರಿ 1989ರಲ್ಲಿ. ತಡವಾಯಿತು. ಹಲವು ಊರುಗಳಲ್ಲಿ ಹೆಂಗಸರು ಈಗಲೂ ಆರತಿ ತಟ್ಟೆ ಹಿಡಿಯುವುದಕ್ಕೆ, ನಿರೂಪಣೆಗೆ ಸೀಮಿತರಾಗಿದ್ದಾರೆ. ಇದು ಬದಲಾಗಲೇಬೇಕು.

ಶಿಬಿರದ ದಿನದ ಕೆಲಸ ಎಲ್ಲರ ಕಣ್ಣಿಗೂ ಬೀಳುವುದರಿಂದ ಅದಕ್ಕೆ ಕೈಗಳು ಸಾಕಷ್ಟು ಸಿಗುತ್ತವೆ. ಹೆಸರು ಬರೆಯುವುದು, ಆಧಾರ್ ಕಾರ್ಡಿನ ಜೆರಾಕ್ಸ್, ಸಾಲು ನಿಲ್ಲಿಸುವುದು, ಉಪ್ಪಿಟ್ಟು, ನೀರು. ಒಂದೆರಡು ಎಚ್ಚರ ಮಾತ್ರ ಹೇಳಬೇಕು. ಪರೀಕ್ಷೆಗೆಂದು ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಎಲ್ಲ ಮಸುಕು. ಒಂಟಿಯಾಗಿ ಬಂದವರನ್ನು ಹಾಗೇ ರಸ್ತೆಗೆ ಬಿಡಬಾರದು. ಬಿಪಿ, ಶುಗರ್ ಜಾಸ್ತಿ ಇದೆಯೆಂದು ವಾಪಸು ಕಳಿಸಲ್ಪಟ್ಟವರು ಬಹಳ ನೊಂದುಕೊಳ್ಳುತ್ತಾರೆ, ಮತ್ತೆ ಬರುವುದಿಲ್ಲ. ಅವರ ಹೆಸರನ್ನು ಬೇರೆಯೇ ಬರೆದುಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಕೊಡಿಸಿ, ಮುಂದಿನ ಬಸ್ಸಿಗೆ ಸೇರಿಸಬೇಕು. ಇವರೂ ಎಕ್ಸ್ ಮನೆಯವರೇ.

ಆಪರೇಷನ್ ಮುಗಿಸಿ ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿಳಿದಾಗ ಫೋಟೊ ತೆಗೆಯುತ್ತಾರೆ, ಪತ್ರಿಕೆಗೆ ಸುದ್ದಿ ಹೋಗುತ್ತದೆ. ಸೇವೆ ಅಲ್ಲಿಗೆ ಮುಗಿಯಿತೆಂದು ಬಹಳ ಕ್ಲಬ್ಬುಗಳು ತಿಳಿದಿವೆ. ನಿಜವಾದ ಕಾಯುವಿಕೆ ಆಗ ತೊಡಗುತ್ತದೆ. ಹನಿಯನ್ನು ಸುಮಾರು ಆರು ವಾರ, ವೈದ್ಯರು ಹೇಳಿದ ಲೆಕ್ಕದಲ್ಲಿ ಹಾಕಬೇಕು. ಹಾಕುವವರು ಕೈ ತೊಳೆದಿರಬೇಕು. ಕಣ್ಣು ಉಜ್ಜಬಾರದು, ವೈದ್ಯರು ಹೇಳುವವರೆಗೆ ತಲೆಗೆ ನೀರು ಹಾಕಬಾರದು, ಸೌದೆ ಒಲೆಯ ಹೊಗೆಗೆ ಮುಖ ಕೊಡಬಾರದು. ನೋವು, ಕೆಂಪು, ಇದ್ದಕ್ಕಿದ್ದಂತೆ ದೃಷ್ಟಿ ಮಂಕಾಗುವುದು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಕಣ್ಣೊಳಗೆ ಸೋಂಕಾದರೆ ಗಂಟೆಗಳ ಲೆಕ್ಕ. ನಾಳೆ ನೋಡೋಣ ಎಂದು ತಡೆದರೆ ಬಂದ ಬೆಳಕು ಹೊರಟೇಹೋಗಬಹುದು. ಒಬ್ಬಂಟಿ ಮುದುಕರ ಮನೆಗೆ ದಿನಾ ಹೋಗಿ ಹನಿ ಹಾಕಿಬರುವ ಪಕ್ಕದ ಬೀದಿಯ ಹುಡುಗಿಯೊಬ್ಬಳು ಸಿಕ್ಕರೆ, ಆ ಕ್ಲಬ್ಬಿಗೆ ದೊಡ್ಡ ದೇಣಿಗೆ ಸಿಕ್ಕಂತೆ.

ಇಂಥ ನಿರಂತರ ಕೆಲಸಕ್ಕೆ ಕ್ಲಬ್ಬಿನ ನಿಯಮವೇ ಅಡ್ಡ ಬರುತ್ತದೆ ಎಂಬುದನ್ನು ಮುಚ್ಚಿಡಬಾರದು. ರೋಟರಿ, ಲಯನ್ಸ್ ಎರಡರಲ್ಲೂ ವರ್ಷ ಶುರುವಾಗುವುದು ಜುಲೈ 1ಕ್ಕೆ. ಅಧ್ಯಕ್ಷ, ಕಾರ್ಯದರ್ಶಿ ವರ್ಷಕ್ಕೊಮ್ಮೆ ಬದಲು. ಅಧಿಕಾರ ಒಬ್ಬರ ಕೈಯಲ್ಲೇ ಉಳಿಯದಂತೆ ಮಾಡಿದ ಒಳ್ಳೆಯ ಏರ್ಪಾಡು ಇದು. ಆದರೆ ಪದಗ್ರಹಣ ಮುಗಿಯುತ್ತಿದ್ದಂತೆ ಹೊಸ ತಂಡ ಹೊಸ ಯೋಜನೆ ಹುಡುಕುತ್ತದೆ. ಹಿಂದಿನವರ ಶಿಬಿರದ ಕಡತ ಯಾರದೋ ಅಂಗಡಿಯ ಡ್ರಾಯರಿನಲ್ಲಿ ಉಳಿಯುತ್ತದೆ. ಒಂದು ಕಣ್ಣಿಗೆ ಆಪರೇಷನ್ ಆಗಿ ಇನ್ನೊಂದಕ್ಕೆ ಕಾಯುತ್ತಿರುವವರ ಹೆಸರು ಅದರಲ್ಲೇ ಇರುತ್ತದೆ. ಪದಾಧಿಕಾರಿಗಳು ಬದಲಾದರೂ ನೇತ್ರ ಸಮಿತಿಯ ಇಬ್ಬರಾದರೂ ಮೂರು ವರ್ಷ ಹಾಗೇ ಮುಂದುವರಿಯಬೇಕೆಂದು ಕ್ಲಬ್ಬು ತಾನೇ ತೀರ್ಮಾನಿಸಿಕೊಂಡರೆ ಈ ತೊಡಕು ನೀಗುತ್ತದೆ.

ನೇತ್ರದಾನದಲ್ಲೂ ಬೇಕಾಗುವುದು ಮನೆಯವರೆಗೆ ಹೋಗಬಲ್ಲ ಊರಿನವರೇ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಕಾರ್ನಿಯಾದ ಪದರಗಳನ್ನು ಬೇರ್ಪಡಿಸಿ ಬಳಸಿದ್ದರಿಂದ ನಾಲ್ವರಿಗೆ ದೃಷ್ಟಿ ಬಂತು. 2006ರಲ್ಲಿ ತಂದೆ ರಾಜ್‌ಕುಮಾರ್ ಅವರ ಕಣ್ಣುಗಳೂ ದಾನವಾಗಿದ್ದವು. ಪುನೀತ್ ಹೋದ ಮೇಲೆ ರಾಜ್ಯದಲ್ಲಿ ಜನ ಮುಗಿಬಿದ್ದು ನೇತ್ರದಾನಕ್ಕೆ ಹೆಸರು ಬರೆಸಿದರು. ಹೆಸರು ಬರೆಸಿದ ಮಾತ್ರಕ್ಕೆ ಕಣ್ಣು ಇನ್ನೊಬ್ಬರಿಗೆ ಸೇರದು. ಸಾವಾದ ಆರು ಗಂಟೆಯೊಳಗೆ ಕಾರ್ನಿಯಾ ತೆಗೆಯಬೇಕು, ಮನೆಯವರು ಒಪ್ಪಿ ಫೋನ್ ಮಾಡಬೇಕು. ದುಃಖದ ಮನೆಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ. ಆ ಮನೆಗೆ ಬೇಕಾದ ಒಬ್ಬರು, ನಿನ್ನೆ ಮೊನ್ನೆಯೂ ಬಂದು ಹೋಗುತ್ತಿದ್ದ ಒಬ್ಬರು, ಹಿರಿಯ ಮಗನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಬೇಕು. ನೇತ್ರ ಬ್ಯಾಂಕಿನವರು ಬರುವವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಫ್ಯಾನ್ ಆರಿಸಬೇಕು. ವಯಸ್ಸಾಗಿತ್ತು, ಸಕ್ಕರೆ ಕಾಯಿಲೆಯಿತ್ತು, ಪೊರೆ ತೆಗೆಸಿದ್ದರು ಎಂಬ ಕಾರಣಕ್ಕೆ ಮನೆಯವರೇ ಬೇಡವೆನ್ನಬೇಕಿಲ್ಲ. ಇವು ಸಾಮಾನ್ಯವಾಗಿ ಅಡ್ಡಿಯಲ್ಲ.

ಕ್ಲಬ್ಬು ಸೇರುವ ಬಗೆ ಸುಲಭ. ಪೂರ್ಣ ಸದಸ್ಯತ್ವಕ್ಕೆ ಈಗಿರುವ ಸದಸ್ಯರೊಬ್ಬರು ಹೆಸರು ಸೂಚಿಸುತ್ತಾರೆ, ವಾರ್ಷಿಕ ಶುಲ್ಕ ಇರುತ್ತದೆ. ಕಾಲೇಜಿನವರಿಗೆ, ಯುವಕ ಯುವತಿಯರಿಗೆ ರೋಟರ್‍ಯಾಕ್ಟ್ ಮತ್ತು ಲಿಯೋ ಕ್ಲಬ್ಬುಗಳಿವೆ. ಪ್ರೌಢಶಾಲೆಯ ಮಕ್ಕಳಿಗೆ ಇಂಟರ್‍ಯಾಕ್ಟ್. 1962ರಲ್ಲಿ ಇಂಟರ್‍ಯಾಕ್ಟ್ ಆರಂಭವಾದಾಗ ಅಮೆರಿಕದಾಚೆ ಮೊದಲು ಚಿಗುರಿದ ಊರು ನೆರೆಯ ತಮಿಳುನಾಡಿನ ತಂಜಾವೂರು. ಶುಲ್ಕ ಕಟ್ಟಲಾಗದವರು, ಸದಸ್ಯತ್ವ ಬೇಡವೆನ್ನುವವರು ಕೂಡ ಶಿಬಿರಕ್ಕೆ ದುಡಿಯಬಹುದು. ಕಾರ್ಯದರ್ಶಿಯ ಅಂಗಡಿಗೆ ಹೋಗಿ ಹೇಳಿದರೆ ಆಯಿತು. ಹಾಗೆ ಹೋದಾಗ ಮುಂದಿನ ಶಿಬಿರ ಯಾವಾಗ ಎಂದು ಕೇಳುವ ಮುನ್ನ ಹಿಂದಿನ ಶಿಬಿರದ ಪಟ್ಟಿ ಕೇಳಿ. ಆಪರೇಷನ್ನಿಗೆ ಆಯ್ಕೆಯಾಗಿಯೂ ಬಸ್ಸು ಹತ್ತದವರು, ಶುಗರ್ ಇಳಿಯಲೆಂದು ಕಾದವರು, ಎರಡನೇ ಕಣ್ಣು ಬಾಕಿ ಇರುವವರು ಇವರ ಹೆಸರುಗಳನ್ನು ಊರಿನ ಪ್ರಕಾರ ಬೇರೆ ಕಾಗದಕ್ಕೆ ಇಳಿಸಿಕೊಳ್ಳಿ. ಮೊದಲ ಭಾನುವಾರ ಅದರಲ್ಲಿ ಒಂದು ಊರಿಗೆ ಹೋಗಿಬನ್ನಿ.