ಕೆರೆಯ ಗೋಡೂ ಸೂಕ್ಷ್ಮಜೀವಿಗಳೂ

ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ದೊಡ್ಡಬಳ್ಳಾಪುರದ ಸೀಮೆಯ ಕೆರೆಗಳನ್ನು ತುಂಬಿ, 1894ರಲ್ಲಿ ನಿರ್ಮಿತವಾದ ಹೆಸರಘಟ್ಟದ ಜಲಾಶಯಕ್ಕೆ ಇಳಿಯತಕ್ಕ ನದಿ. ಬೆಂಗಳೂರಿನ ಜನ ಒಂದು ಕಾಲಕ್ಕೆ ಕುಡಿದುದು ಈ ನೀರನ್ನೇ. ಇಂದು ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಪಟ್ಟಣದ ಚರಂಡಿಯ ನೀರೂ ಕಾರ್ಖಾನೆಗಳ ಕೊಳೆನೀರೂ ಸೇರುತ್ತಿವೆಯೆಂದು ಗ್ರಾಮಸ್ಥರು ಎಷ್ಟೋ ವರ್ಷಗಳಿಂದ ಮೊರೆಯಿಡುತ್ತಿರುವರು. ಮೇಲಣ ನೀರು ಮಳೆಗಾಲದಲ್ಲಿ ಬದಲಾಗುವುದುಂಟು. ತಳದ ಕೆಸರು ಮಾತ್ರ ತಾನು ನುಂಗಿದುದನ್ನು ಸುಲಭವಾಗಿ ಬಿಡದು. ಬ್ಯಾಕ್ಟೀರಿಯಾಗಳಿಂದ ಅದನ್ನು ಶುದ್ಧಿಗೊಳಿಸಬಹುದೇ ಎಂಬುದನ್ನು ವಾಚಕರೊಡನೆ ವಿಚಾರಿಸುವೆವು.

ಮಗ್ಗದ ಊರಿನವರಿಗೆ ಬಣ್ಣದ ದೃಷ್ಟಾಂತವೇ ಸುಲಭ. ನೂಲಿಗೆ ಹಾಕುವ ಕೃತಕ ಬಣ್ಣಗಳಲ್ಲಿ ಬಹುಪಾಲು ಅಜೋ ವರ್ಗದವು. ಎರಡು ಸಾರಜನಕ ಪರಮಾಣುಗಳ ಕೊಂಡಿಯೇ ಅವುಗಳ ಲಕ್ಷಣ. ಗಾಳಿ ಸೋಕದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಈ ಕೊಂಡಿಯನ್ನು ಕತ್ತರಿಸಬಲ್ಲವು. ಕತ್ತರಿಸಿದೊಡನೆ ಬಣ್ಣ ಮಾಯ! ನೀರು ತಿಳಿಯಾಯಿತೆಂದು ಹಿಗ್ಗತಕ್ಕದ್ದಲ್ಲ. ಉಳಿದ ತುಣುಕುಗಳಾದ ಅರೋಮ್ಯಾಟಿಕ್ ಅಮೈನುಗಳಲ್ಲಿ ಕೆಲವು ಮೂಲದ ಬಣ್ಣಕ್ಕಿಂತಲೂ ವಿಷಕರವಾದುವು, ಅರ್ಬುದರೋಗವನ್ನೂ ತರತಕ್ಕವು. ಅವುಗಳನ್ನು ಭಕ್ಷಿಸುವುದು ಗಾಳಿಯಲ್ಲಿ ಬದುಕುವ ಬೇರೊಂದು ವರ್ಗ. ಆದುದರಿಂದ ಮೊದಲು ಗಾಳಿ ತಗುಲದಂತೆಯೂ ಅನಂತರ ಗಾಳಿಯನ್ನೂದಿಯೂ ಕೆಲಸ ನಡೆಯಬೇಕು.

ಕ್ಲೋರೀನನ್ನು ಹೊತ್ತ ವಿಷಗಳಿಗೂ ಭಕ್ಷಕರುಂಟು. 1997ರಲ್ಲಿ ಅಮೆರಿಕದ ಇಥಾಕಾ ಪಟ್ಟಣದ ಚರಂಡಿಯ ಕೆಸರಿನಿಂದ ಪಡೆದ ಬ್ಯಾಕ್ಟೀರಿಯವೊಂದರ ವೃತ್ತಾಂತ ಪ್ರಕಟವಾಯಿತು. ಬಟ್ಟೆಗಳ ಒಣ ಒಗೆತಕ್ಕೆ ಬಳಸುವ ಪರ್‌ಕ್ಲೋರೋಎಥಿಲೀನಿನ ನಾಲ್ಕು ಕ್ಲೋರೀನುಗಳನ್ನೂ ಅದು ಒಂದೊಂದಾಗಿ ಕಿತ್ತು, ಹಣ್ಣುಗಳನ್ನು ಮಾಗಿಸುವ ಎಥಿಲೀನನ್ನು ಉಳಿಸುತ್ತದೆ. ನಮಗೆ ಆಮ್ಲಜನಕವು ಹೇಗೋ ಅದರ ಉಸಿರಿಗೆ ಆ ವಿಷವು ಹಾಗೆ. ಪಂಕಜವೆಂಬ ಶಬ್ದವನ್ನು ರೂಢಿಯು ತಾವರೆಗೆ ಮೀಸಲಿಟ್ಟಿದೆ. ಯೋಗಾರ್ಥವನ್ನು ಹಿಡಿದರೆ ಈ ಜೀವಿಗಳೂ ಆ ಹೆಸರಿಗೆ ಅರ್ಹವಲ್ಲವೆ?

ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳ ಮಾತು ಬೇರೆ. ಇವು ಮೂಲವಸ್ತುಗಳು, ಇವನ್ನು ಯಾವ ಜೀವಿಯೂ ಒಡೆಯಲಾರದು. ಕರಗುವ ಕ್ರೋಮಿಯಮನ್ನು ಕರಗದ ರೂಪಕ್ಕೆ ತಿರುಗಿಸುವ ಬ್ಯಾಕ್ಟೀರಿಯಾಗಳಿರುವುವು, ನಿಜ. ಆದರೂ ಲೋಹವು ಕೆಸರಿನಲ್ಲಿಯೇ ಉಳಿಯುವುದು. ಕೊಳೆನೀರು ದಿನದಿನವೂ ಬಂದು ಬೀಳುವ ಕೆರೆಗೆ ಬ್ಯಾಕ್ಟೀರಿಯಾಗಳ ಪುಡಿಯನ್ನು ಚೆಲ್ಲಿದರೆ ಹಣ ವ್ಯರ್ಥವೆಂಬುದೇ ನಮ್ಮ ಮತ. ಮೊದಲು ಕಾಲುವೆಯ ಬಾಯನ್ನು ಕಟ್ಟಬೇಕು.

ಬೇಸಿಗೆಯಲ್ಲಿ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವುದು ನಮ್ಮ ಸೀಮೆಯ ಹಳೆಯ ವಾಡಿಕೆ. ಸಾಧಾರಣ ಮಣ್ಣುಪರೀಕ್ಷೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷುಗಳ ಲೆಕ್ಕ ಬರುವುದೇ ಹೊರತು ಸೀಸ ಕ್ರೋಮಿಯಂಗಳದು ಬಾರದು. ಇಂತಹ ಕೆರೆಗಳ ಗೋಡನ್ನು ಗಾಡಿಗೆ ತುಂಬುವ ಮೊದಲು ಆ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸತಕ್ಕದ್ದು.