ಶಿಬಿರ ಮುಗಿದ ಮೇಲಿನ ದಿನಗಳು

ಘಟ್ಟದ ತಪ್ಪಲಿನ ಬೆಳ್ತಂಗಡಿ, ನೇತ್ರಾವತಿಯ ದಡದ ಬಂಟ್ವಾಳ, ಬಸದಿಗಳ ಊರಾದ ಮೂಡುಬಿದಿರೆ – ಈ ಸೀಮೆಯಲ್ಲಿ ಸಂಚರಿಸುವವರಿಗೆ ‘ಮದ್ಯವರ್ಜನ ಶಿಬಿರ’ ಎಂಬ ಮಾತು ಹೊಸದಲ್ಲ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ೧೯೮೨ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾಯಿತು. ಬಡ ರೈತನ ಸಂಪಾದನೆಯನ್ನು ಎಷ್ಟು ಹೆಚ್ಚಿಸಿದರೂ ಅದು ಸಂಜೆಯೊಳಗೆ ಗಡಂಗಿನ ದಾರಿ ಹಿಡಿಯುವುದಾದರೆ ಮನೆಮಂದಿಗೆ ಫಲವೇನು? ಯೋಜನೆಯ ಜೊತೆಯಲ್ಲಿ ಬೆಳೆದ ಜನಜಾಗೃತಿ ವೇದಿಕೆಯು ಊರೂರುಗಳಲ್ಲಿ ಎಂಟು ದಿನಗಳ ಶಿಬಿರಗಳನ್ನು ನಡೆಸತೊಡಗಿತು. ಇಂದಿಗೆ ಅವುಗಳ ಸಂಖ್ಯೆ ಕರ್ನಾಟಕದಲ್ಲಿ ಸಾವಿರವನ್ನು ಮೀರಿದೆ.

ಶಿಬಿರದ ದಿನಚರಿಯಲ್ಲಿ ಬಿಡುವೆಂಬುದು ಕಡಿಮೆ. ಯೋಗಾಭ್ಯಾಸ, ಉಪನ್ಯಾಸ, ಸಮಾಲೋಚನೆ, ಗುಂಪುಚರ್ಚೆ, ಭಜನೆ – ಹೀಗೆ ದಿನ ತುಂಬಿರುತ್ತದೆ. ಎಂಟು ದಿನ ಮುಗಿಯಿತು. ಮನುಷ್ಯ ಮನೆಗೆ ಹಿಂದಿರುಗಿದ. ಈಗ ಹೊತ್ತು ಸಾಗದು. ತೋಟದ ಕಡೆಗೆ ಕಾಲು ಏಳದು. ಜಗಲಿಯ ಮೇಲೆ ಸುಮ್ಮನೆ ಕುಳಿತಿರುವ ಅವನನ್ನು ನೋಡಿ, “ಕುಡಿತ ಬಿಟ್ಟರೂ ಸೋಮಾರಿತನ ಬಿಡಲಿಲ್ಲ” ಎಂದು ಮನೆಯವರು ಗೊಣಗುವುದುಂಟು. ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರ ಮನೆಗಳಲ್ಲಿಯೇ ಇಂತಹ ತಂದೆಯೋ ಮಾವನೋ ಅಣ್ಣನೋ ಇರಬಹುದು. ಅದು ನಿಜವಾಗಿಯೂ ಸೋಮಾರಿತನವೆ? ವಿಜ್ಞಾನದ ಉತ್ತರವನ್ನು ನೋಡೋಣ.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇಲ್ಲಿ ಸ್ಪ್ರಿಂಗಿನ ಉದಾಹರಣೆಯೇ ಮೊದಲು ನೆನಪಾಗುತ್ತದೆ. ಭಾರದಿಂದ ಒತ್ತಲ್ಪಟ್ಟ ಸ್ಪ್ರಿಂಗು ಆ ಭಾರಕ್ಕೆ ಎದುರಾಗಿ ತಾನೂ ಒತ್ತುತ್ತಿರುತ್ತದೆ. ಭಾರವನ್ನು ಹಠಾತ್ತನೆ ತೆಗೆದರೆ ಅದು ಮೊದಲಿನ ಸ್ಥಾನದಲ್ಲಿ ನಿಲ್ಲದೆ ಆಚೆಗೆ ಚಿಮ್ಮಿ, ಕೆಲಕಾಲ ತೂಗಾಡಿ, ಆಮೇಲೆ ಸ್ತಿಮಿತಕ್ಕೆ ಬರುತ್ತದೆ. ಮಿದುಳಿನಲ್ಲಿ ನರಗಳ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕವೂ ಅದನ್ನು ಹೆಚ್ಚಿಸುವ ಗ್ಲುಟಮೇಟ್ ಎಂಬುದೂ ಇವೆ. ಮದ್ಯಸಾರವು ಮೊದಲನೆಯದಕ್ಕೆ ಬಲ ಕೊಟ್ಟು ಎರಡನೆಯದನ್ನು ಅದುಮುತ್ತದೆ. ವರ್ಷಗಟ್ಟಲೆ ಹೀಗಾದಾಗ ಮಿದುಳು ಆ ಒತ್ತಡಕ್ಕೆ ಎದುರಾಗಿ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಒಮ್ಮೆಗೇ ಕುಡಿತ ನಿಂತರೆ ಒಂದು ದಿನದೊಳಗೆ ಕೈನಡುಕ, ಬೆವರು, ನಿದ್ರಾಹೀನತೆ ತಲೆದೋರುತ್ತವೆ. ಕೆಲವರಿಗೆ ಸೆಳವು ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಬುದ್ಧಿಭ್ರಮಣೆಯೂ ಆಗಬಹುದು. ಇದು ಪ್ರಾಣಕ್ಕೇ ಅಪಾಯ. ಆದುದರಿಂದ ಬಹುಕಾಲ ದಿನನಿತ್ಯ ಕುಡಿದವರು ವೈದ್ಯರ ನೆರವಿಲ್ಲದೆ ಮನೆಯಲ್ಲಿಯೇ ಏಕಾಏಕಿ ನಿಲ್ಲಿಸಕೂಡದು.

ಈ ಬಿರುಸಿನ ತೂಗಾಟ ಬಹುಮಟ್ಟಿಗೆ ಒಂದು ವಾರದಲ್ಲಿ ಅಡಗುತ್ತದೆ. ಆದರೆ ಇನ್ನೊಂದು ಏರುಪೇರು ಅಷ್ಟು ಬೇಗನೆ ಸರಿಹೋಗದು. ೧೯೫೪ರಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬ ವಿಜ್ಞಾನಿಗಳು, ಮಿದುಳಿನ ಕೆಲವು ನೆಲೆಗಳಿಗೆ ಸಣ್ಣ ವಿದ್ಯುತ್ಪ್ರವಾಹ ಹರಿಯಿಸಿದರೆ ಇಲಿಯು ಅದಕ್ಕಾಗಿ ಮತ್ತೆ ಮತ್ತೆ ಸನ್ನೆಯನ್ನು ಒತ್ತುವುದೆಂದು ಕಂಡುಕೊಂಡರು. “ಇದು ಬೇಕು, ಇನ್ನೊಮ್ಮೆ ಮಾಡು” ಎಂಬ ಪ್ರೇರಣೆಯ ಹಾದಿಯಲ್ಲಿ ಡೋಪಮಿನ್ ಎಂಬ ರಾಸಾಯನಿಕಕ್ಕೆ ಮುಖ್ಯ ಪಾತ್ರವಿದೆಯೆಂದು ಮುಂದೆ ತಿಳಿದುಬಂತು. ಮದ್ಯವು ಈ ರಾಸಾಯನಿಕವನ್ನು ಉಕ್ಕಿಸುತ್ತದೆ. ಬಹುಕಾಲ ಕುಡಿದವರ ಮಿದುಳಿನ ಚಿತ್ರಗಳಲ್ಲಿ ಡೋಪಮಿನ್ನಿನ ಕೆಲವು ಗ್ರಾಹಕಗಳು ಕಡಿಮೆಯಾಗಿರುವುದು ಕಂಡುಬಂದಿದೆ. ಇದರಿಂದಾಗುವ ಪರಿಣಾಮವೇನು? ಜ್ವರ ಬಿಟ್ಟ ನಾಲಗೆಗೆ ಅನ್ನ ರುಚಿಸದಂತೆ, ಕುಡಿತ ಬಿಟ್ಟ ಮನಸ್ಸಿಗೆ ಮಕ್ಕಳ ನಗುವಾಗಲಿ, ಬಿಸಿ ಗಂಜಿಯಾಗಲಿ, ಮುಗಿಸಿದ ಕೆಲಸವಾಗಲಿ ಕೆಲಕಾಲ ರುಚಿಸುವುದಿಲ್ಲ. ಈ ಸ್ಥಿತಿ ಸುಧಾರಿಸಲು ವಾರಗಳು, ಹಲವೊಮ್ಮೆ ತಿಂಗಳುಗಳೇ ಬೇಕು. ಜಗಲಿಯ ಮೇಲೆ ಕುಳಿತವನದು ಸೋಮಾರಿತನವಲ್ಲ. ಅವನ ಮಿದುಳು ಇನ್ನೂ ಚೇತರಿಸಿಕೊಳ್ಳುತ್ತಿದೆ.

ಇದರಿಂದ ಒಂದು ಮುಖ್ಯ ವಿಷಯ ಹೊರಡುತ್ತದೆ. ಉತ್ಸಾಹ ಬಂದ ಮೇಲೆ ಕೆಲಸ ಮಾಡುವೆನೆಂದು ಇವನು ಕಾದರೆ ಕಾಯುತ್ತಲೇ ಇರಬೇಕಾದೀತು. ಇಲ್ಲಿ ಕೆಲಸ ಮೊದಲು, ಉತ್ಸಾಹ ಆಮೇಲೆ. ರುಚಿಸದಿದ್ದರೂ ಹೊತ್ತಿಗೆ ಸರಿಯಾಗಿ ಸಣ್ಣ ಕೆಲಸಗಳನ್ನು ಮಾಡುತ್ತ ಹೋದಂತೆ ಅವುಗಳ ರುಚಿ ನಿಧಾನವಾಗಿ ಮರಳುತ್ತದೆ.

ಮೊದಲ ತಿಂಗಳುಗಳಿಗೆ ಇಷ್ಟೊಂದು ಮಹತ್ವವೇಕೆ? ಅಮೆರಿಕದ ಹಂಟ್ ಮತ್ತು ಸಂಗಡಿಗರು ೧೯೭೧ರಲ್ಲಿ ಮದ್ಯ, ತಂಬಾಕು, ಹೆರಾಯಿನ್‌ಗಳನ್ನು ತ್ಯಜಿಸಿದವರ ಅಂಕಿಗಳನ್ನು ಒಟ್ಟುಗೂಡಿಸಿ ನಕ್ಷೆ ಬರೆದರು. ವ್ಯಸನ ಬೇರೆಯಾದರೂ ರೇಖೆಗಳು ಒಂದನ್ನೊಂದು ಹೋಲುತ್ತಿದ್ದವು. ಚಿಕಿತ್ಸೆಯ ಬಳಿಕ ಮೊದಲ ಮೂರು ತಿಂಗಳಲ್ಲಿ ರೇಖೆ ಕಡಿದಾಗಿ ಇಳಿದು, ಆಮೇಲೆ ಬಹುಮಟ್ಟಿಗೆ ಸಮತಲವಾಗುತ್ತಿತ್ತು. ವಿಕಿರಣಶೀಲ ವಸ್ತುವಿನ ಕ್ಷಯರೇಖೆಯನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದು ಪರಿಚಿತವೆಂದು ತೋರಬಹುದು. ಆದರೆ ಒಂದು ಭೇದವಿದೆ. ಪರಮಾಣು ಬೀಜಕ್ಕೆ ವಯಸ್ಸೆಂಬುದಿಲ್ಲ. ನಿನ್ನೆ ಉಳಿದುಕೊಂಡಿತೆಂಬ ಕಾರಣದಿಂದ ಅದು ನಾಳೆ ಉಳಿಯುವ ಸಂಭವ ಹೆಚ್ಚುವುದಿಲ್ಲ. ಕುಡಿತ ಬಿಟ್ಟವರಲ್ಲಿ ಹಾಗಲ್ಲ. ದಿನ ಕಳೆದಂತೆ ಮುಗ್ಗರಿಸುವ ಸಂಭವ ಇಳಿಯುತ್ತದೆ. ದುರ್ಬಲರು ಮೊದಲೇ ಮುಗ್ಗರಿಸುವುದು ಇದಕ್ಕೆ ಒಂದು ಕಾರಣವಾದರೆ, ಉಳಿದವರ ದೇಹವೂ ಅಭ್ಯಾಸವೂ ಸುಧಾರಿಸುವುದು ಇನ್ನೊಂದು. ಕಡಿದಾದ ಆ ಇಳಿಜಾರನ್ನು ದಾಟಿಸುವುದೇ ಮುಖ್ಯ.

ದಾಟಿಸುವ ಬಗೆಯನ್ನು ೧೯೭೩ರಲ್ಲಿ ಅದೇ ದೇಶದ ಇಲಿನಾಯ್ ಪ್ರಾಂತದಲ್ಲಿ ಹಂಟ್ ಮತ್ತು ಅಜ್ರಿನ್ ಎಂಬವರು ಪರೀಕ್ಷಿಸಿ ನೋಡಿದರು. (ಈ ಹಂಟ್ ಬೇರೊಬ್ಬರು.) ಎಂಟು ಮಂದಿ ರೋಗಿಗಳಿಗೆ ಎಂದಿನ ಚಿಕಿತ್ಸೆ ಮಾತ್ರ. ಇನ್ನೆಂಟು ಮಂದಿಗೆ ಅದರೊಡನೆ ಉದ್ಯೋಗ ಹುಡುಕಲು ನೆರವು, ಮನೆಯವರೊಡನೆ ಸಮಾಲೋಚನೆ. ಸಂಜೆ ಕಳೆಯಲು, ಹಿಂದೆ ಪಾನಗೃಹವಾಗಿದ್ದ ಕಟ್ಟಡದಲ್ಲಿಯೇ ಮದ್ಯವಿಲ್ಲದ ಒಂದು ಕೂಟ. ಮುಂದಿನ ಆರು ತಿಂಗಳಲ್ಲಿ ಮೊದಲನೆಯ ಗುಂಪಿನವರು ಶೇಕಡಾ ೭೯ರಷ್ಟು ದಿನಗಳಲ್ಲಿ ಕುಡಿದರು; ಎರಡನೆಯ ಗುಂಪಿನವರು ಶೇಕಡಾ ೧೪ರಷ್ಟು ದಿನಗಳಲ್ಲಿ ಮಾತ್ರ. ಹದಿನಾರು ಮಂದಿಯ ಈ ಪರೀಕ್ಷೆ ಸಣ್ಣದು, ನಿಜ. ಆದರೆ ಮುಂದೆ ನಡೆದ ಪರೀಕ್ಷೆಗಳೂ ಇದೇ ದಿಕ್ಕನ್ನು ತೋರಿಸಿದವು.

ಈಗ ನಮ್ಮ ಊರಿಗೆ ಮರಳೋಣ. ಶಿಬಿರ ಮುಗಿಸಿದವರಿಗಾಗಿ ‘ನವಜೀವನ ಸಮಿತಿ’ಗಳಿವೆ, ಅಲ್ಲಿ ಪಾನಮುಕ್ತರು ಮತ್ತೆ ಮತ್ತೆ ಸೇರಿ ತಮ್ಮ ಕಷ್ಟಸುಖಗಳನ್ನು ಹೇಳಿಕೊಳ್ಳುತ್ತಾರೆ. ಅದೇ ಗ್ರಾಮಾಭಿವೃದ್ಧಿ ಯೋಜನೆಯ ‘ಪ್ರಗತಿಬಂಧು’ ತಂಡಗಳಲ್ಲಿ ಐದಾರು ಮಂದಿ ಸಣ್ಣ ರೈತರು ವಾರಕ್ಕೊಂದು ದಿನ ಒಬ್ಬೊಬ್ಬರ ಭೂಮಿಯಲ್ಲಿ ಸರದಿಯಂತೆ ದುಡಿಯುತ್ತಾರೆ. ಇದು ಹಿಂದಿನ ಮುಯ್ಯಾಳಿನ ಪದ್ಧತಿಯೇ. ಈ ತಂಡಗಳು ವ್ಯಸನಿಗಳಿಗೆಂದು ಹುಟ್ಟಿದವಲ್ಲ. ಆದರೆ ಚೇತರಿಸಿಕೊಳ್ಳುತ್ತಿರುವವನಿಗೆ ಬೇಕಾದುದೆಲ್ಲ ಇಂತಹ ಏರ್ಪಾಡಿನಲ್ಲಿದೆ. ದಿನ ಗೊತ್ತಾಗಿರುತ್ತದೆ, ಸಂಗಾತಿಗಳಿರುತ್ತಾರೆ, ಸಂಜೆಗೆ ಕೆಲಸದ ಫಲ ಕಣ್ಣಿಗೆ ಕಾಣುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, “ನಾನು ಹೋಗದಿದ್ದರೆ ಇನ್ನೊಬ್ಬನ ಕೆಲಸ ಕೆಡುತ್ತದೆ” ಎಂಬ ಭಾವನೆ ಇರುತ್ತದೆ.

ಮನೆಯಲ್ಲಿಯೂ ಇಂತಹ ಕೆಲಸಗಳನ್ನು ಆರಿಸಬಹುದು. ಹಸುವಿಗೆ ಗಡಿಯಾರ ಬೇಡ. ಬೆಳಿಗ್ಗೆಯೂ ಸಂಜೆಯೂ ಅದು ಕರೆಯುತ್ತದೆ, ಹಾಲು ಹೊತ್ತಿಗೆ ಸರಿಯಾಗಿ ಸೊಸೈಟಿಗೆ ಮುಟ್ಟಬೇಕು. ಅಡಿಕೆ ಸುಲಿಯುವುದು ನಾಲ್ಕು ಜನ ಕುಳಿತು ಮಾತನಾಡುತ್ತ ಮಾಡುವ ಕೆಲಸ. ಸುಲಿದ ರಾಶಿ ಎದುರಿಗೇ ಕಾಣುತ್ತದೆ. ಹೊರಗಿನ ಕೆಲಸ ನಿಂತುಹೋಗುವ ಆಟಿಯ ಮಳೆಗಾಲಕ್ಕೆ ಇಂತಹ ಒಳಗಿನ ಕೆಲಸವನ್ನು ಮೊದಲೇ ಯೋಚಿಸಿಡಬೇಕು. ಆದರೆ ಕೈನಡುಕ, ತಲೆಸುತ್ತು ಇರುವವರೆಗೆ ಅಡಿಕೆಮರ ಏರುವುದೂ ಯಂತ್ರ ನಡೆಸುವುದೂ ಕೂಡದು. ಹಿಂದೆ ಗಡಂಗಿಗೆ ಹೋಗುತ್ತಿದ್ದ ಹೊತ್ತು ಯಾವುದೋ, ದಿನದಲ್ಲಿ ಅದನ್ನೇ ಮೊದಲು ತುಂಬಬೇಕು. ಕೂಲಿ ಕೈಸೇರುವ ದಿನಕ್ಕೂ, ಮದುವೆ, ಕಂಬಳ, ಯಕ್ಷಗಾನದ ರಾತ್ರಿಗಳಿಗೂ ಜೊತೆಗೊಬ್ಬರು ಬೇಕು.

ಹಾಗೆಂದು ಬಿಡುವೇ ಇಲ್ಲದೆ ದುಡಿಸುವುದೂ ತಪ್ಪು. ಹಸಿವು, ಕೋಪ, ಒಂಟಿತನ, ದಣಿವು – ಕುಡಿತದ ಬಯಕೆಯನ್ನು ಕೆರಳಿಸುವವು ಮುಖ್ಯವಾಗಿ ಈ ನಾಲ್ಕು. ಹೊತ್ತಿಗೆ ಊಟ, ಹೊತ್ತಿಗೆ ನಿದ್ರೆ ಇವೂ ದಿನಚರಿಯ ಭಾಗಗಳೇ. ಕೆಲಸವು ಔಷಧಕ್ಕೆ ಬದಲಿಯೂ ಅಲ್ಲ. ಬಯಕೆಯನ್ನು ತಗ್ಗಿಸುವ ಔಷಧಗಳನ್ನು ವೈದ್ಯರು ಕೊಡಬಲ್ಲರು. ಒಮ್ಮೆ ಮುಗ್ಗರಿಸಿದರೆ ಎಲ್ಲವೂ ಹೋಯಿತೆಂದಲ್ಲ. ಆ ದಿನವೇ ವೈದ್ಯರನ್ನೋ ಸಮಿತಿಯವರನ್ನೋ ಕಾಣಬೇಕು. ೨೦೨೨ರಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ ದೂರವಾಣಿ ೧೪೪೧೬ರಲ್ಲಿ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ.

ವಿದ್ಯಾರ್ಥಿಗಳು ಏನು ಮಾಡಬಹುದು? ಮನೆಯ ಹಿರಿಯರೊಬ್ಬರನ್ನು ಪಾನಮುಕ್ತರನ್ನಾಗಿ ಮಾಡುವ ಹೊಣೆ ಮಕ್ಕಳದಲ್ಲ. ಅವರು ಮತ್ತೆ ಕುಡಿದರೆ ಅದು ಮಕ್ಕಳ ತಪ್ಪೂ ಅಲ್ಲ. ಆದರೆ ಶಿಬಿರದಿಂದ ಬಂದ ತಂದೆಯನ್ನು ಪೋಲೀಸಿನವರಂತೆ ಕಾಯುವುದರ ಬದಲು, “ಅಪ್ಪಾ, ಕಸಿ ಕಟ್ಟುವುದನ್ನು ನನಗೆ ತೋರಿಸಿಕೊಡಿ” ಎಂದು ಕೇಳಬಹುದು. ಶಾಲೆ ಬಿಟ್ಟು ಬಂದ ಮೇಲೆ ಅರ್ಧ ಗಂಟೆ ಅವರ ಬಳಿ ಕುಳಿತು ನಾಲ್ಕು ಅಡಿಕೆ ಸುಲಿಯಬಹುದು. ಅವರು ಹೆಚ್ಚು ಮಾತನಾಡದಿದ್ದರೆ ಬೇಸರಪಡಬೇಕಾಗಿಲ್ಲ. ರುಚಿ ಮರಳಲು ಕಾಲ ಬೇಕು. ಅಲ್ಲಿಯವರೆಗೆ ಸಂಜೆಯ ಹೊತ್ತು ಬರಿದಾಗದಂತೆ ನೋಡಿಕೊಂಡರೆ ಸಾಕು.